ಜ್ವರ ಬಿಟ್ಟಿತು, ರುಚಿ ಬರಲಿಲ್ಲ: ಮೂಗು-ನಾಲಿಗೆ ಮತ್ತೆ ಹದಕ್ಕೆ ತರುವ ಬಗೆ

ಅಥಣಿಯಿಂದ ಸಿಂದಗಿಯವರೆಗೆ ಯಾವ ಮನೆಯಲ್ಲಿ ಜ್ವರ ಬಂದು ಹೋದರೂ ಮರುವಾರ ಕೇಳುವ ಮಾತು ಒಂದೇ: "ಬಾಯಿಗೆ ರುಚಿನ ಹತ್ತವಲ್ದು." ಫ್ಲೂ ಇರಲಿ, ಕೋವಿಡ್ ಇರಲಿ, ಬರೀ ನೆಗಡಿಯೇ ಇರಲಿ, ಹೆಚ್ಚಿನವರಿಗೆ ಹತ್ತು-ಹದಿನೈದು ದಿನದಲ್ಲಿ ಬಾಯಿ ತಾನಾಗಿಯೇ ಸರಿಹೋಗುತ್ತದೆ. ಎರಡು ವಾರ ಕಳೆದರೂ ರೊಟ್ಟಿ ರಟ್ಟಿನಂತೆ, ಪಲ್ಯ ಬಿಸಿನೀರಿನಂತೆ ಅನಿಸುತ್ತಿದ್ದರೆ ಸುಮ್ಮನೆ ಕೂರಬೇಡಿ. ಮನೆಯಲ್ಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಹಾಗೆಯೇ ಮಾಡಬಾರದ ಕೆಲಸವೂ ಇದೆ.

ಕೆಟ್ಟಿದ್ದು ಯಾವುದು?

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಬೇಳೆಕಟ್ಟು-ಟೊಮ್ಯಾಟೊ ಸಾರಿನಲ್ಲಿರುವ ಉಮಾಮಿ ಎಂಬ ಐದನೆಯದು, ಅಷ್ಟೇ. ಖಾರ ರುಚಿಯಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿ ತಿಳಿಸುವ ನರವನ್ನೇ ಕೆಣಕುತ್ತದೆ. ನರದ ತುದಿಯಲ್ಲಿ ಈ ಉರಿಯನ್ನು ಹಿಡಿಯುವ ಗ್ರಾಹಕವನ್ನು (ರಿಸೆಪ್ಟರ್) ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಉಳಿದದ್ದೆಲ್ಲ ಮೂಗಿನ ಕೆಲಸ. ಅಗಿಯುವಾಗ ವಾಸನೆ ಗಂಟಲ ಹಿಂದಿನಿಂದ ಮೇಲೇರಿ ಮೂಗಿನ ನೆತ್ತಿಗೆ ಮುಟ್ಟುತ್ತದೆ, ನಾವು ಅದನ್ನು ಬಾಯಿಯ ಲೆಕ್ಕಕ್ಕೆ ಬರೆಯುತ್ತೇವೆ. ಮೂಗು ಹಿಡಿದುಕೊಂಡು ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡನ್ನೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿ ನೋಡಿ. ಎರಡೂ ಉಪ್ಪು-ಖಾರ ಬೆರೆತ ಪುಡಿ, ಯಾವುದು ಯಾವುದೆಂದು ಹೇಳುವುದು ಕಷ್ಟ.

ಹಾಗಾಗಿ ಮೊದಲು ಪರೀಕ್ಷೆ. ಮೂರು ಲೋಟ ನೀರು ಇಡಿ: ಒಂದಕ್ಕೆ ಎರಡು ಚಮಚ ಸಕ್ಕರೆ, ಒಂದಕ್ಕೆ ಅರ್ಧ ಚಮಚ ಉಪ್ಪು, ಒಂದಕ್ಕೆ ಅರ್ಧ ಲಿಂಬೆಹಣ್ಣಿನ ರಸ. ಕಹಿಗೆ ರಾತ್ರಿ ನೆನೆಹಾಕಿದ ಮೆಂತೆಯ ನೀರು. ಯಾವ ಲೋಟ ಯಾವುದೆಂದು ನಿಮಗೆ ತಿಳಿಯದಂತೆ ಮನೆಯವರು ಕೊಡಲಿ. ಮೂಗು ಹಿಡಿದುಕೊಂಡು ಒಂದೊಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿ, ನಡುವೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ನಾಲ್ಕೂ ತಿಳಿದರೆ ನಾಲಿಗೆ ಸರಿಯಿದೆ.

ಇನ್ನು ಮೂಗಿನ ಸರದಿ. ಮೂಗು ಬಿಗಿಯಾಗಿ ಹಿಡಿದೇ ಒಂದು ಯಾಲಕ್ಕಿಯ ಕಾಳುಗಳನ್ನು ಹತ್ತು ಸೆಕೆಂಡ್ ಅಗಿಯಿರಿ, ಆಮೇಲೆ ಮೂಗು ಬಿಟ್ಟು ಉಸಿರು ಹೊರಬಿಡಿ. ಮೂಗು ಸರಿಯಿದ್ದವರಿಗೆ ಆ ಕ್ಷಣದಲ್ಲಿ ಯಾಲಕ್ಕಿ ಧುತ್ತೆಂದು ಎದ್ದು ಬರುತ್ತದೆ. ಬಿಟ್ಟ ಮೇಲೂ ಏನೂ ಬದಲಾಗದಿದ್ದರೆ ತೊಂದರೆ ಮೂಗಿನಲ್ಲಿದೆ. "ರುಚಿ ಹೋಗಿದೆ" ಎನ್ನುವವರಲ್ಲಿ ಬಹುಪಾಲು ಜನ ಈ ಗುಂಪಿನವರೇ.

ವಿಕ್ಸ್ ಅಥವಾ ಅಮೃತಾಂಜನ ಮೂಸಿ ಪರೀಕ್ಷೆ ಮಾಡಬೇಡಿ. ಅವುಗಳ ಚುರುಚುರು ತಿಳಿಸುವುದು ಖಾರ ತಿಳಿಸುವ ಮುಖದ ನರವೇ. ವಾಸನೆಯ ನರ ಪೂರ್ತಿ ಮಲಗಿದ್ದರೂ ಚುರ್ ಎನ್ನುತ್ತದೆ, ಮೂಗು ಸರಿಯಿದೆ ಎಂದು ಮೋಸ ಹೋಗುತ್ತೀರಿ.

ಒಳಗೆ ಆಗಿರುವುದೇನು

ನೆಗಡಿಯಲ್ಲಿ ಒಳಗೋಡೆ ಊದಿ ವಾಸನೆ ಮೇಲೇರುವ ದಾರಿ ಕಟ್ಟುತ್ತದೆ. ಊತ ಇಳಿದರೆ ವಾಸನೆ ಬರುತ್ತದೆ. ದಾರಿ ತೆರೆದಿದ್ದರೂ ವಾಸನೆ ಇಲ್ಲವೆಂದರೆ ಪೆಟ್ಟು ಬಿದ್ದಿರುವುದು ಮೂಗಿನ ನೆತ್ತಿಯ ಪದರಕ್ಕೆ. ಅಲ್ಲಿ ಸುಮಾರು 400 ಬಗೆಯ ವಾಸನೆ-ಗ್ರಾಹಕಗಳಿವೆ. ಈ ಗ್ರಾಹಕಗಳ ಕುಟುಂಬವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಕೋವಿಡ್ ವೈರಸ್ ಮುಖ್ಯವಾಗಿ ಹಿಡಿಯುವುದು ನರಕೋಶಕ್ಕೆ ಆಸರೆ ಕೊಡುವ ಪಕ್ಕದ ಕೋಶಗಳನ್ನು. ಆಸರೆ ಹೋದ ಮೇಲೆ ನರಕೋಶ ಕೆಲಸ ನಿಲ್ಲಿಸುತ್ತದೆ. ಒಳ್ಳೆಯ ಸುದ್ದಿಯೆಂದರೆ ಈ ನರಕೋಶಗಳು ತಳದ ಕೋಶಗಳಿಂದ ಮತ್ತೆ ಹುಟ್ಟುತ್ತವೆ. ಆದರೆ ಹೊಸ ಎಳೆ ಮಿದುಳಿನ ಸರಿಯಾದ ಗಂಟಿಗೆ ಸೇರಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಕೆಲವು ಎಳೆ ತಪ್ಪು ಗಂಟಿಗೆ ಸೇರುವುದೂ ಉಂಟು. ಆ ತೊಂದರೆಯ ಮಾತು ಮುಂದಿದೆ.

ನಾಲಿಗೆಯ ಪರೀಕ್ಷೆಯಲ್ಲೇ ಎಡವಿದವರು, ಬಾಯಲ್ಲಿ ಸದಾ ತಾಮ್ರದ ನಾಣ್ಯ ಇಟ್ಟಂತೆ ಅನಿಸುವವರು ಮೊದಲು ಗುಳಿಗೆ ಚೀಟಿ ತೆಗೆದು ನೋಡಲಿ. ಭೇದಿಗೆ, ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕ್ಲಾರಿಥ್ರೊಮೈಸಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿಪಿಯ ಕ್ಯಾಪ್ಟೊಪ್ರಿಲ್ ಬಾಯಿ ರುಚಿ ಕೆಡಿಸುವುದು ಗೊತ್ತಿರುವ ಸಂಗತಿ. ಕೋರ್ಸ್ ಮುಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದಿನನಿತ್ಯದ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಬದಲಿ ಕೇಳಿ. ನಾಲಿಗೆ ಮೇಲೆ ಬಿಳಿ ಕೆನೆಯಂಥ ಪದರ ಇದ್ದು ಕೆರೆದರೆ ಕೆಂಪಗೆ ಉರಿದರೆ ಅದು ಶಿಲೀಂಧ್ರದ ಸೋಂಕು, ಅದಕ್ಕೆ ಔಷಧ ಇದೆ. ಗುಟಕಾ, ಮಿಶ್ರಿ, ನಶ್ಯ, ಬೀಡಿ ನಡೆದಿರುವತನಕ ಯಾವ ಉಪಾಯವೂ ಪೂರ್ತಿ ಫಲಿಸದು. ತಂಬಾಕು ಬೆಳೆಯುವ ನಿಪ್ಪಾಣಿ ಸೀಮೆಯವರಿಗೆ ಈ ಮಾತು ಕಹಿ ಎನಿಸಬಹುದು, ಆದರೂ ಹೇಳಲೇಬೇಕು.

ಮೊದಲು ದಾರಿ ತೊಳೆಯಿರಿ

ಮೂಗು ಕಟ್ಟಿದ್ದರೆ, ಸಿಂಬಳ ಗಟ್ಟಿಯಾಗಿದ್ದರೆ ವಾಸನೆಯ ಅಭ್ಯಾಸಕ್ಕೆ ಮೊದಲು ಉಪ್ಪುನೀರಿನಿಂದ ತೊಳೆಯಬೇಕು. ಅರ್ಧ ಲೀಟರ್ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿ ಉಗುರುಬೆಚ್ಚಗಾಗಲು ಬಿಡಿ. ನಾಲ್ಕೂವರೆ ಗ್ರಾಂ ಪುಡಿ ಉಪ್ಪು, ಅಂದರೆ ಚಹಾ ಚಮಚಕ್ಕೆ ತುಸು ಕಡಿಮೆ, ಜೊತೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿ. ಕಣ್ಣೀರಿನಷ್ಟು ಉಪ್ಪಿದ್ದರೆ ಸರಿ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. "ಬರೀ ನೀರು ಸಾಕು" ಎಂದು ಮಾಡಿದವರು ಮೊದಲ ದಿನವೇ ಕೈಬಿಡುವುದು ಈ ಉರಿಗೇ.

ಬಚ್ಚಲಲ್ಲಿ ಮುಂದೆ ಬಾಗಿ, ಬಾಯಿ ತೆರೆದು, ಒಂದು ಹೊಳ್ಳೆಯಿಂದ ನೀರು ನಿಧಾನ ಬಿಡಿ, ಇನ್ನೊಂದರಿಂದ ಹೊರಬೀಳುತ್ತದೆ. ನೇತಿ ಪಾತ್ರೆ ಇರಲಿ, ಒತ್ತುವ ಬಾಟಲಿ ಇರಲಿ, ಒಂದೊಂದು ಬದಿಗೆ 100ರಿಂದ 120 ಮಿ.ಲೀ. ಸಾಕು. ಮುಗಿದ ಮೇಲೆ ಎರಡೂ ಹೊಳ್ಳೆ ಮುಚ್ಚಿ ಮೂಗಿನಿಂದ ಜೋರಾಗಿ ಗಾಳಿ ಊದಬೇಡಿ, ನೀರು ಕಿವಿಗೆ ನುಗ್ಗುತ್ತದೆ. ಬೋರಿನ ನೀರು, ನಲ್ಲಿಯ ನೀರು, ತೊಟ್ಟಿಯ ನೀರನ್ನು ಕುದಿಸದೆ ಮೂಗಿಗೆ ಎಂದೂ ಹಾಕಬಾರದು. ಅಪರೂಪಕ್ಕೆ ಅದರಲ್ಲಿರುವ ನೇಗ್ಲೇರಿಯಾ ಅಮೀಬಾ ಮೂಗಿನ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ, ಹೋದರೆ ಉಳಿಯುವವರು ವಿರಳ. ಪಾತ್ರೆಯನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ.

ಮೂಗು ತೆರೆಯುವ ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಹನಿ ಹಾಕದಿದ್ದರೆ ಮೂಗೇ ತೆರೆಯದ ಸ್ಥಿತಿ ಬರುತ್ತದೆ. ಡಾಕ್ಟರು ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ. ಆಗ ತುದಿ ನಡುಗೋಡೆ ಬಿಟ್ಟು ಹೊರಬದಿಗೆ ತಿರುಗುತ್ತದೆ, ರಕ್ತ ಸೋರುವುದು ತಪ್ಪುತ್ತದೆ.

ಬಿಸಿ ಹಬೆ ಕಟ್ಟಿದ ಮೂಗಿಗೆ ಒಂದಿಷ್ಟು ಹಾಯೆನಿಸುತ್ತದೆ, ವಾಸನೆಯ ನರವನ್ನು ಬೆಳೆಸುವುದಿಲ್ಲ. ಮೂಗಿಗೆ ಬಳ್ಳೊಳ್ಳಿ ಎಸಳು ತುರುಕುವುದು, ಶುಂಠಿ ರಸ ಬಿಡುವುದು, ಸುಟ್ಟ ಕಿತ್ತಳೆ ತಿನ್ನುವುದು, ಇವು ಮೊಬೈಲಿನಲ್ಲಿ ಓಡಾಡುವ ಉಪಾಯಗಳು. ಮೊದಲೆರಡು ಉಳಿದಿರುವ ಪದರವನ್ನೂ ಸುಡುತ್ತವೆ. ಸತುವಿನ ಗುಳಿಗೆ ಸತು ಕಡಿಮೆ ಇದ್ದವರಿಗೆ ಮಾತ್ರ. ಮೂಗಿಗೆ ಹಾಕುವ ಸತುವಿನ ಜೆಲ್‌ನಿಂದಲೇ ವಾಸನೆ ಹೋದ ದೂರುಗಳು ಬಂದು ಅಮೆರಿಕದ ಔಷಧ ಆಡಳಿತ 2009ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಮೂಗಿಗೆ ತಾಲೀಮು

ಇದೇ ಮುಖ್ಯ ಕೆಲಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ: ಗುಲಾಬಿ, ನೀಲಗಿರಿ, ಲಿಂಬೆ, ಲವಂಗ, ಈ ನಾಲ್ಕು ವಾಸನೆಯನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಗರಡಿಮನೆಯ ತಾಲೀಮಿನಂತೆ ಇದರಲ್ಲೂ ಒಂದು ದಿನದ ಭರಾಟೆಗಿಂತ ದಿನಾ ತಪ್ಪದಿರುವುದೇ ಲೆಕ್ಕಕ್ಕೆ ಬರುತ್ತದೆ.

ಬೇಕಾದದ್ದು ಅಗಲ ಬಾಯಿಯ ನಾಲ್ಕು ಗಾಜಿನ ಬಾಟಲಿ, ಒಂದೊಂದು 30ರಿಂದ 50 ಮಿ.ಲೀ. ಪ್ಲಾಸ್ಟಿಕ್ ಬೇಡ, ಹಳೆಯ ಉಪ್ಪಿನಕಾಯಿಯ ವಾಸನೆ ಅದರಿಂದ ಬಿಡುವುದೇ ಇಲ್ಲ. ಒಳಗೆ ಹತ್ತಿ ಉಂಡೆ ಇಟ್ಟು ಅದಕ್ಕೆ ಸುಗಂಧ ತೈಲ 15-20 ಹನಿ. ನೀಲಗಿರಿ ಎಣ್ಣೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಗುಲಾಬಿಗೆ ಅತ್ತರಿನ ಅಂಗಡಿ. ಗುಲಾಬಿ ನೀರು ಇದಕ್ಕೆ ತೀರ ಸಪ್ಪೆ, ಊದಿನಕಡ್ಡಿಯ ಹೊಗೆ ಮೂಗನ್ನು ಕೆರಳಿಸುತ್ತದೆ, ಎರಡೂ ಬೇಡ.

ಲವಂಗ, ಲಿಂಬೆಗೆ ತೈಲ ಬೇಕೇಬೇಕೆಂದಿಲ್ಲ. ಡಬ್ಬಿಯ ತಳದ ಹಳೆ ಲವಂಗ ಬೇಡ. ಮೊಗ್ಗಿನ ತಲೆಯನ್ನು ಉಗುರಿನಿಂದ ಒತ್ತಿದರೆ ಸಣ್ಣಗೆ ಎಣ್ಣೆ ಜಿನುಗಬೇಕು, ಜಿನುಗದಿದ್ದರೆ ಅದಕ್ಕೆ ವಾಸನೆ ಕೊಡುವ ಯೂಜೆನಾಲ್ ಹಾರಿಹೋಗಿದೆ. ಹತ್ತು ಮೊಗ್ಗು ಜಜ್ಜಿ ಹಾಕಿ, ವಾರಕ್ಕೊಮ್ಮೆ ಬದಲಿಸಿ. ಲಿಂಬೆ ಇಂಡಿ-ಸಿಂದಗಿ ಕಡೆಯವರಿಗೆ ಹಿತ್ತಲ ಹಣ್ಣು. ರಸದಲ್ಲಿ ಹುಳಿ ಇದೆ, ವಾಸನೆ ಇರುವುದು ಸಿಪ್ಪೆಯ ಚುಕ್ಕೆಗಳಲ್ಲಿ. ಹೊರಪದರವನ್ನಷ್ಟೇ ಹೆರೆದು ಹಾಕಿ, ಎರಡು ದಿನಕ್ಕೊಮ್ಮೆ ಚೆಲ್ಲಿ, ಇಲ್ಲವಾದರೆ ಬೂಸು ಹಿಡಿಯುತ್ತದೆ. ನಮ್ಮ ಬೇಸಿಗೆಯ ಝಳಕ್ಕೆ ತೈಲ ಬೇಗ ಆರುತ್ತದೆ, ತಂಪಾದ ಕತ್ತಲ ಕಪಾಟಿನಲ್ಲಿಟ್ಟು ತಿಂಗಳಿಗೊಮ್ಮೆ ಹೊಸ ಹನಿ ಹಾಕಿ. ವಾಸನೆ ಆರಿದ್ದು ನಿಮಗೆ ತಿಳಿಯದು, ಮನೆಯವರಿಂದ ಮೂಸಿಸಿ. ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ಕೈಗೆಟುಕದಂತಿಡಿ.

ಕ್ರಮ ಹೀಗೆ:

1. ಬೆಳಿಗ್ಗೆ ಚಹಾಕ್ಕೆ ಮೊದಲು, ರಾತ್ರಿ ಮಲಗುವ ಮೊದಲು, ಟಿವಿ ಇಲ್ಲದ ಕಡೆ ಕೂತುಕೊಳ್ಳಿ.
2. ಬಾಟಲಿಯ ಚೀಟಿ ಓದಿ. ಲವಂಗವಾದರೆ ಲವಂಗ ಹೇಗಿತ್ತೆಂದು ನೆನಪಿಗೆ ತಂದುಕೊಳ್ಳಿ: ಹಲ್ಲುನೋವಿಗೆ ಇಟ್ಟುಕೊಂಡದ್ದು, ಮಸಾಲೆ ಅನ್ನದಲ್ಲಿ ಬಾಯಿಗೆ ಸಿಕ್ಕದ್ದು.
3. ಮೂಗಿನಿಂದ ಎರಡು ಬೆರಳಷ್ಟು ದೂರ ಹಿಡಿದು, ಕರು ಹುಲ್ಲು ಮೂಸುವ ಹಾಗೆ ಸಣ್ಣ ಸಣ್ಣದಾಗಿ 20 ಸೆಕೆಂಡ್ ಮೂಸಿ.
4. ಮುಚ್ಚಿಟ್ಟು ಅರ್ಧ ನಿಮಿಷ ಸಾಮಾನ್ಯ ಉಸಿರಾಡಿ, ಮುಂದಿನದಕ್ಕೆ ಹೋಗಿ.
5. ವಹಿಯಲ್ಲಿ ತಾರೀಖು ಬರೆದು ಪ್ರತಿಯೊಂದಕ್ಕೂ 0ಯಿಂದ 3ರ ಅಂಕ ಹಾಕಿ: ಏನೂ ಇಲ್ಲ, ಏನೋ ಇದೆ, ಗುರುತು ಹತ್ತಿತು, ಮೊದಲಿನಂತೆ. ವಿಕಾರವಾಗಿದ್ದರೆ ಪಕ್ಕದಲ್ಲಿ ಒಂದು ಗೀಟು.

ಒಟ್ಟು ಐದು ನಿಮಿಷದ ಕೆಲಸ. ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಪ್ರಾಣಾಯಾಮದಂತೆ ಉದ್ದನೆಯ ಉಸಿರೆಳೆಯುವುದು. ಅದರಿಂದ ತಲೆ ಸುತ್ತುತ್ತದೆ, ಮೂಗು ಆ ವಾಸನೆಗೆ ಬೇಗ ಒಗ್ಗಿ ಕೈಚೆಲ್ಲುತ್ತದೆ. ಇನ್ನೊಂದು, ಮೂರನೇ ವಾರಕ್ಕೆ ಎಲ್ಲ ಸೊನ್ನೆಯೇ ಎಂದು ಬಿಟ್ಟುಬಿಡುವುದು. ಸೊನ್ನೆಯ ವಾರಗಳಲ್ಲಿ ಮೂಸುವುದೂ ತಾಲೀಮೇ.

12 ವಾರ ಮುಗಿದ ಮೇಲೆ ವಾಸನೆ ಬದಲಿಸಿದರೆ ಒಳ್ಳೆಯದು. ಎರಡನೇ ಸುತ್ತಿಗೆ ಅಜವಾನ, ಪುದಿನ, ಕಿತ್ತಳೆ ಸಿಪ್ಪೆ, ಮಲ್ಲಿಗೆ. ವಿದೇಶದ ಕ್ರಮದಲ್ಲಿ ಬಳಸುವ ಥೈಮ್ ಸೊಪ್ಪಿನ ಥೈಮಾಲ್ ನಮ್ಮ ಅಜವಾನದಲ್ಲೇ ಇದೆ. ಮೂರನೇ ಸುತ್ತಿಗೆ ಚಹಾಪುಡಿ, ದವನ, ಗಂಧ, ಯಾಲಕ್ಕಿ. ಎಲ್ಲ ಸೇರಿ 36 ವಾರ, ಅಂದರೆ ಎಂಟು ತಿಂಗಳಿಗೆ ತುಸು ಹೆಚ್ಚು.

ಒಗ್ಗರಣೆ ಗಬ್ಬು ನಾರಿದಾಗ

ಕಾಯಿಲೆಯಾಗಿ ಎರಡು-ಮೂರು ತಿಂಗಳಿಗೆ, ವಾಸನೆ ಮರಳುತ್ತಿದೆ ಎನ್ನುವಷ್ಟರಲ್ಲಿ ಕೆಲವರಿಗೆ ಉಳ್ಳಾಗಡ್ಡಿ ಹುರಿದರೆ ಗಟಾರ, ಕಾಫಿ ಕುದಿದರೆ ಸುಟ್ಟ ರಬ್ಬರು. ಇದಕ್ಕೆ ಪೆರೋಸ್ಮಿಯಾ ಎಂದು ಹೆಸರು. ಅನುಭವಿಸುವವರಿಗೆ ನರಕ, ಆದರೆ ಬಹಳ ಸಲ ಇದು ಎಳೆಗಳು ಬೆಳೆಯುತ್ತಿರುವ ಗುರುತು. ಮತ್ತೆ ಮತ್ತೆ ಸಿಕ್ಕಿಬೀಳುವ ಅಪರಾಧಿಗಳು ಗಂಧಕ ಇರುವ ಅಣುಗಳು ಮತ್ತು ಹುರಿದಾಗ ಹುಟ್ಟುವ ಪೈರಜಿನ್‌ಗಳು: ಕಾಫಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೊಟ್ಟೆ, ಹುರಿದ ಮಾಂಸ, ಹುರಿದ ಶೇಂಗಾ.

ಈ ಪಟ್ಟಿ ಓದಿದರೆ ಬಾಗಲಕೋಟೆಯ ಅಡುಗೆಮನೆಯ ಕಪಾಟು ಓದಿದಂತಾಗುತ್ತದೆ. ಹಿಂಡಿ ಎಂದರೆ ಹುರಿದ ಶೇಂಗಾ ಮತ್ತು ಬಳ್ಳೊಳ್ಳಿ, ಎಣ್ಣೆಗಾಯಿ ಎಂದರೆ ಅದೇ ಮಸಾಲೆ, ಜುಣಕಕ್ಕೂ ಬಳ್ಳೊಳ್ಳಿ ಒಗ್ಗರಣೆ. ಊಟ ಬಿಡುವವರು ಸೊಕ್ಕಿನಿಂದ ಬಿಡುತ್ತಿಲ್ಲ ಎಂಬುದು ಮನೆಯವರಿಗೆ ಮೊದಲು ತಿಳಿಯಬೇಕು.

ಬಿಸಿಯಾದಷ್ಟೂ ವಾಸನೆಯ ಅಣು ಹೆಚ್ಚು ಹಾರುತ್ತವೆ, ಆದ್ದರಿಂದ ಆರಿಸಿ ತಿನ್ನಿ. ಜೋಳದ ನುಚ್ಚಿಗೆ ತಣ್ಣನೆಯ ಮಜ್ಜಿಗೆ ಈ ದಿನಗಳಿಗೆ ಹೇಳಿ ಮಾಡಿಸಿದ ಊಟ. ಖಡಕ್ ರೊಟ್ಟಿಗೆ ಕೆನೆಮೊಸರು, ಸವತಿಕಾಯಿ, ಗಜ್ಜರಿ. ಖಡಕ್ ರೊಟ್ಟಿಯ ಕಟಂ ಎನ್ನುವ ಸದ್ದೇ ಅರ್ಧ ರುಚಿ ಕೊಡುತ್ತದೆ. ಒಗ್ಗರಣೆಗೆ ಉಳ್ಳಾಗಡ್ಡಿ-ಬಳ್ಳೊಳ್ಳಿ ಬಿಟ್ಟು ಜೀರಿಗೆ, ಕರಿಬೇವು ಹಾಕಿ. ಮೊಳಕೆ ಮಡಕಿಕಾಳು ಕುದಿಸಿ ಆರಿಸಿ ಲಿಂಬೆ ಹಿಂಡಿದರೆ ಪ್ರೋಟೀನು ಒದಗುತ್ತದೆ. ಶೇಂಗಾ ಬೇಕೇ ಬೇಕೆಂದರೆ ಹುರಿಯದೆ ಕುದಿಸಿದ್ದನ್ನು ಒಂದಿಷ್ಟು ತಿಂದು ನೋಡಿ. ಅಡುಗೆ ಮಾಡುವವರಿಗೇ ಈ ತೊಂದರೆ ಬಂದಿದ್ದರೆ ಒಗ್ಗರಣೆಯ ಹೊತ್ತಿಗೆ ಬೇರೆಯವರು ಒಲೆಯ ಮುಂದೆ ನಿಲ್ಲಲಿ. ತಿಂಗಳಿಗೊಮ್ಮೆ, ಬಿಟ್ಟ ಪದಾರ್ಥವನ್ನು ಒಂದು ಚಿಟಿಕೆ ಮತ್ತೆ ಪ್ರಯತ್ನಿಸಿ.

ವಾಸನೆ ಪೂರ್ತಿ ಹೋದವರ ತಪ್ಪು ಬೇರೆ. ಖಾರದ ಉರಿ, ಉಪ್ಪು ಎರಡೂ ತಿಳಿಯುವುದರಿಂದ ಅವನ್ನೇ ಸುರಿಯುತ್ತಾರೆ. ದಿನದ ಉಪ್ಪು 5 ಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಉಪ್ಪಿನಕಾಯಿ, ಹಪ್ಪಳ ಸೇರಿದರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಉಪ್ಪಿನ ಬದಲು ಹುಳಿ ಹೆಚ್ಚಿಸಿ: ಲಿಂಬೆ, ಹುಣಸೆ, ಮೊಸರು. ವಾರಕ್ಕೊಮ್ಮೆ ತೂಕ ನೋಡಿ. 60 ಕೆ.ಜಿ. ಇದ್ದವರು ತಿಂಗಳಲ್ಲಿ 3 ಕೆ.ಜಿ. ಇಳಿದರೆ ಡಾಕ್ಟರಿಗೆ ತೋರಿಸಿ.

ಗ್ಯಾಸು, ಹಾಲು, ಹೊಲದ ಔಷಧ

ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಮೂಗು ಇಲ್ಲದವರಿಗೆ ಆ ಗಂಟೆ ಬಾರಿಸುವುದೇ ಇಲ್ಲ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು ಕಡ್ಡಾಯ. ವಾರಕ್ಕೊಮ್ಮೆ ಪೈಪಿಗೆ, ಜೋಡಣೆಗೆ ಸಾಬೂನು ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ, ಎಚ್ಚರಿಸುವ ಯಂತ್ರವನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಿಸಿ. ಪೈಪಿನ ಗ್ಯಾಸು ಬಂದಿರುವ ಮನೆಗಳಲ್ಲಿ ಅದು ಗಾಳಿಗಿಂತ ಹಗುರ, ಯಂತ್ರ ಸೂರಿನ ಹತ್ತಿರ ಇರಬೇಕು. ಸೋರಿದ್ದು ಗೊತ್ತಾದರೆ ಯಾವ ಸ್ವಿಚ್ಚೂ ಒತ್ತದೆ ಕಿಟಕಿ-ಬಾಗಿಲು ತೆರೆದು ಹೊರಬಂದು ಸಿಲಿಂಡರಿನವರು 1906ಕ್ಕೆ ಫೋನ್ ಮಾಡಿ.

ಹಾಲು, ಉಳಿದ ಪಲ್ಯ, ಶೇಂಗಾಪುಡಿ ಕೆಟ್ಟದ್ದನ್ನು ನಾಲಿಗೆಯಿಂದ ನಿರ್ಧರಿಸಬೇಡಿ. ಡಬ್ಬಿ ಮೇಲೆ ತಾರೀಖು ಬರೆಯಿರಿ, ಮನೆಯಲ್ಲಿ ಮೂಗು ಸರಿಯಿರುವ ಒಬ್ಬರಿಗೆ ಆ ಕೆಲಸ ವಹಿಸಿ. ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವವರು, ವಾಸನೆ ಬರುತ್ತಿಲ್ಲವೆಂದು ಮುಖವಾಡ ತೆಗೆಯಬಾರದು.

ಯಾವಾಗ ತೋರಿಸಬೇಕು

ನಾಲ್ಕರಿಂದ ಆರು ವಾರಕ್ಕೂ ವಾಸನೆ ಬಾರದಿದ್ದರೆ ಕಿವಿ-ಮೂಗು-ಗಂಟಲು ತಜ್ಞರು. ಬೆಳಗಾವಿಯ ಬಿಮ್ಸ್ ಇರಲಿ, ನಿಮ್ಮ ಜಿಲ್ಲಾ ಆಸ್ಪತ್ರೆ ಇರಲಿ, ಹೋಗುವಾಗ ಅಂಕದ ವಹಿ ಮತ್ತು ನುಂಗುವ ಎಲ್ಲ ಗುಳಿಗೆಯ ಪಟ್ಟಿ ಜೊತೆಗಿರಲಿ. ದೂರ್ಬೀನಿನಿಂದ ಮೂಗಿನೊಳಗೆ ದುರ್ಮಾಂಸ ಇದೆಯೇ ನೋಡುತ್ತಾರೆ, ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆ ಬರೆಯಬಹುದು. ಸ್ಟಿರಾಯ್ಡ್ ಗುಳಿಗೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಸಕ್ಕರೆ ಕಾಯಿಲೆಯವರಂತೂ ಬೇಡವೇ ಬೇಡ.

ಕೆಲವಕ್ಕೆ ಕಾಯುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ಮೂಗಿನಿಂದ ತಿಳಿನೀರು ಹನಿಯುವುದು. ಒಂದೇ ಹೊಳ್ಳೆ ಕಟ್ಟಿ ರಕ್ತ ಅಥವಾ ಕಪ್ಪು ಸಿಂಬಳ, ಜೊತೆಗೆ ಮುಖನೋವು, ಕಣ್ಣೂತ, 2021ರಲ್ಲಿ ಕಪ್ಪು ಶಿಲೀಂಧ್ರ ಹೀಗೇ ಶುರುವಾಗುತ್ತಿತ್ತು. ಇಲ್ಲದ ಸುಟ್ಟ ವಾಸನೆ ಬಂದು, ಒಂದೆರಡು ನಿಮಿಷ ಕರೆದರೂ ಓಗೊಡದೆ ದಿಟ್ಟಿಸುವುದು, ಇದು ಮೂರ್ಛೆರೋಗದ ಗುರುತಾಗಿರಬಹುದು. ಯಾವ ಜ್ವರವೂ ಇಲ್ಲದೆ ವಯಸ್ಸಾದವರ ವಾಸನೆ ನಿಧಾನ ಕುಗ್ಗಿ, ಕೈ ನಡುಗಿ, ನಡಿಗೆ ಮಂದವಾಗಿದ್ದರೆ ನರತಜ್ಞರಿಗೆ ತೋರಿಸಿ.

ಮರಳುವಾಗ ವಾಸನೆ ಒಮ್ಮೆಲೇ ಬರುವುದಿಲ್ಲ. ಇಂದು ಸ್ನಾನದ ಸಾಬೂನು ಎರಡು ಸೆಕೆಂಡ್ ತಿಳಿದು ಮಾಯವಾಗುತ್ತದೆ, ನಾಲ್ಕು ದಿನ ಏನೂ ಇಲ್ಲ, ಮತ್ತೆ ಒಂದು ನೆಗಡಿ ಬಂದು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ದಿನದ ಅಂಕ ನೋಡಬೇಡಿ, ತಿಂಗಳ ಕೊನೆಯ ಭಾನುವಾರ ಮೂಗು ಹಿಡಿದು ಅದೇ ಯಾಲಕ್ಕಿಯ ಪರೀಕ್ಷೆ ಮಾಡಿ, ಹಿಂದಿನ ತಿಂಗಳ ಸಾಲಿನ ಕೆಳಗೆ ಬರೆದಿಡಿ.